ಮೊದಲನೇ ಮುದ್ದೆ

ಅವತ್ತೂ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಹಾಲಿನ ಪ್ಯಾಕೆಟ್ಟನ್ನು ತೊಳೆದು ಕತ್ತರಿಸಿ ಒಲೆಯ ಮೇಲಿಟ್ಟೆ. ಆಮೇಲೆ ಕೈ ತೊಳೆಯಲು ನಿಂತೆ. ಕೈ ತೊಳೆಯುವುದೇನೂ ಹೊಸದಲ್ಲ, ತೊಳೆಯುವ ರೀತಿ ಮಾತ್ರ ಹೊಸದು. ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳ ಬುಡ, ಉಗುರ ತುದಿ ಎಂದು ಮದುವೆ ಮನೆಯಲ್ಲಿ ನೆಂಟರನ್ನು ವಿಚಾರಿಸಿಕೊಳ್ಳುವ ಹಾಗೆ ಒಬ್ಬೊಬ್ಬರನ್ನೇ ವಿಚಾರಿಸಿಕೊಂಡು ಹೋಗುವಷ್ಟರಲ್ಲಿ ನಮ್ಮ ಮನೆಯವರು ಬಚ್ಚಲ ಬಾಗಿಲಲ್ಲಿ ಟವೆಲ್ ಹೊದ್ದು ನಿಂತಿದ್ದರು.

"ಆಯ್ತೇನೇ? ನನಗೂ ಒಂದು ಚೊಂಬು ನೀರು ಉಳಿಸು."

ಅಷ್ಟರಲ್ಲಿ ಹಾಲು ಉಕ್ಕಿತು. ಶುದ್ಧವಾದ ಕೈಯಲ್ಲಿ ಮಸಿಬಟ್ಟೆ ಹಿಡಿದು ಒಲೆ ಒರೆಸಿದೆ. ಹಾಗಾಗಿ ಮತ್ತೆ ಕೈ ತೊಳೆಯಬೇಕಾಯಿತು.

ಬೇಗ ಹೊರಡಬೇಕಿತ್ತು. ಬೀಗದ ಕೈಗೆಂದು ವ್ಯಾನಿಟಿ ಬ್ಯಾಗಿನೊಳಗೆ ಕೈ ಹಾಕಿದರೆ ಕೈಗೆ ಸಿಕ್ಕಿದ್ದು ಒಂದು ಟೋಪಿ. ಅಡಿಗೆ ಮಾಡುವವರು ಕೂದಲು ಉದುರದಂತೆ ತಲೆಗೆ ಹಾಕಿಕೊಳ್ಳುತ್ತಾರಲ್ಲ, ಅಂಚಿಗೆ ಎಲಾಸ್ಟಿಕ್ ಇರುವ ಆ ಬಿಳಿಯ ತೆಳು ಟೋಪಿ. ಚಿಲ್ಲರೆ ಪರ್ಸಿನ ಕೆಳಗೆ ಮುದುರಿಕೊಂಡು ಕೂತಿತ್ತು. ಬಿಡಿಸಿ ಅಂಗೈಯಲ್ಲಿಟ್ಟುಕೊಂಡರೆ ರೇಷ್ಮೆಗೂಡಿನಷ್ಟೂ ಭಾರವಿಲ್ಲ. ಹೊರಡುವ ಆತುರದಲ್ಲೂ ಒಂದು ಗಳಿಗೆ ಅದನ್ನು ಹಿಡಿದುಕೊಂಡು ಕುರ್ಚಿಯ ಮೇಲೆ ಕೂತುಬಿಟ್ಟೆ. ನನ್ನ ಸ್ವಭಾವವೇ ಹಾಗೆ. ಯಾವುದೋ ಹಳೆಯ ಬಸ್ ಟಿಕೆಟ್ ಸಿಕ್ಕರೂ ಸಾಕು, ಒಲೆಯ ಮೇಲಿನ ಸಾರು ಸೀದು ಹೋಗುತ್ತದೆ.

ಆ ಟೋಪಿ ನನಗೆ ಸಿಕ್ಕಿದ್ದು ಸರೋಜಕ್ಕನಿಂದಾಗಿ. ಸರೋಜಕ್ಕ ನನ್ನ ಓರಗಿತ್ತಿ, ನಮ್ಮ ಭಾವನವರ ಹೆಂಡತಿ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅವರಿಬ್ಬರದೂ ಒಂದು ಮುದ್ದೆ ಊಟದ ಮೆಸ್ಸಿದೆ. ಒಳಗೆ ಅಕ್ಕ, ಹೊರಗೆ ಗಲ್ಲಾದಲ್ಲಿ ಭಾವ. ಗೂಡು ಮಾರಲು ಬಂದ ರೈತರು, ನೂಲು ತೆಗೆಯುವ ರೀಲರುಗಳು, ಬಸ್ಸಿನ ಡ್ರೈವರುಗಳು ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಹೋದ ವರ್ಷ ಭಾವನವರಿಗೆ ಎದೆನೋವು ಬಂದು ಹೃದಯಕ್ಕೆ ಆಪರೇಷನ್ ಆಯಿತು. ಮೆಸ್ಸು ಎಷ್ಟೋ ತಿಂಗಳು ಮುಚ್ಚಿತ್ತು. ಮತ್ತೆ ತೆರೆದಾಗ ಬರುತ್ತಿದ್ದ ಜನಕ್ಕೆ ಬೇರೆ ಕಡೆ ರೂಢಿಯಾಗಿಬಿಟ್ಟಿತ್ತು. ಹೊಟ್ಟೆ ಬಹಳ ಬೇಗ ಊರು ಬದಲಾಯಿಸುತ್ತದೆ ನೋಡಿ.

ಆಗ ಒದಗಿ ಬಂದದ್ದು ಚಿಂತಾಮಣಿ ರಸ್ತೆಯ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಮಧ್ಯಾಹ್ನದ ಊಟ. ವಾರ್ಡನ್ ಮೇಡಂ ಒಂದೇ ಮಾತು ಹೇಳಿದ್ದರು: ಅಡಿಗೆ ಮಾಡುವವರು ಆಹಾರ ಸುರಕ್ಷತೆಯ ತರಬೇತಿ ಮುಗಿಸಿ ಸರ್ಟಿಫಿಕೇಟ್ ತೆಗೆದುಕೊಂಡಿರಬೇಕು, ಆಮೇಲೆ ತಾವೇ ಬಂದು ಅಡಿಗೆಮನೆ ನೋಡುತ್ತೇವೆ. ಅದು ಸಿಕ್ಕರೆ ಮೆಸ್ಸು ಉಳಿಯುತ್ತದೆ, ಸಿಗದಿದ್ದರೆ ಬಾಗಿಲು ಹಾಕಬೇಕು. ಇದು ಅಕ್ಕನಿಗೂ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ, ಅಷ್ಟೇ.

ತರಬೇತಿ ಚಿಕ್ಕಬಳ್ಳಾಪುರದಲ್ಲಿ. "ಇಂಗ್ಲಿಷ್‌ನಲ್ಲಿ ಹೇಳ್ಬಿಟ್ರೆ ನಾನೇನಮ್ಮ ಮಾಡ್ಲಿ? ನೀನು ಕಾನ್ವೆಂಟು, ಬಾ," ಅಂತ ಅಕ್ಕ ನನ್ನನ್ನು ಹೊರಡಿಸಿದರು. ನಾನೂ ಒಳ್ಳೆಯ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು, ದುಭಾಷಿಯ ಗತ್ತಿನಲ್ಲಿ ಹೊರಟೆ. ಭಾವನವರಿಗೂ ಅದೇ ದಿನ ಅಲ್ಲಿ ಡಾಕ್ಟರ ಬಳಿ ಚೆಕಪ್ ಇತ್ತು, ಅವರೂ ಜೊತೆಗೆ ಬಂದರು. ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿ ನಮ್ಮ ಮೆರವಣಿಗೆ ನೋಡಿದರು. ಅವರ ತವರು ಆಂಧ್ರದ ಕಡೆ. ನಮ್ಮ ಬೀದಿಯಲ್ಲಿ ಯಾರ ಮನೆಗೆ ಎಷ್ಟು ಹೊತ್ತಿಗೆ ಯಾರು ಬಂದರು ಅನ್ನುವುದು ಅವರ ಕಣ್ಣು ತಪ್ಪಿದ್ದಿಲ್ಲ.

"ಏಮಮ್ಮಾ, ಅಡಿಗೆ ಮಾಡೋಕೂ ಪರೀಕ್ಷೇನಾ? ನಾವೆಲ್ಲ ಪರೀಕ್ಷೆ ಬರೀದೇನೇ ಇಷ್ಟು ಮಕ್ಕಳನ್ನ ಸಾಕಿದ್ವಲ್ಲ, ಯಾರೂ ಸತ್ತಿಲ್ಲ!"

ತರಬೇತಿಯ ಹಾಲಿನೊಳಗೆ ಹೋಗಿ ಕೂತರೆ ನನ್ನ ದುಭಾಷಿತನಕ್ಕೆ ಕೆಲಸವೇ ಇಲ್ಲ. ಪಾಠ ಹೇಳಲು ಬಂದವಳು ಸುಜಾತ, ದಿಬ್ಬೂರಹಳ್ಳಿಯ ಹುಡುಗಿ. ಆಹಾರದ ವಿಜ್ಞಾನ ಓದಿದ್ದಾಳೆ. ಆದರೆ ಮಾತೆಲ್ಲ ನಮ್ಮ ಮನೆಯ ಜಗುಲಿಯದು. ಬಾಗಿಲಲ್ಲೇ ನಿಂತು ಒಳಗೆ ಬಂದವರಿಗೆಲ್ಲ ಒಂದೊಂದು ಟೋಪಿ ಕೊಟ್ಟಳು, ಜೊತೆಗೆ ಬಂದ ನನಗೂ. ಗೌರಿಬಿದನೂರಿನಿಂದ ಬಿರಿಯಾನಿ ಮಾಡುವ ನವಾಜ್ ಭಾಯ್ ಬಂದಿದ್ದರು. ಎದೆಯವರೆಗೂ ಇಳಿದ ಗಡ್ಡ ಸವರಿಕೊಂಡು, "ಮೇಡಂ, ತಲೆಗಾಯ್ತು. ದಾಡಿಗೆ?" ಅಂದರು. ಹಾಲೆಲ್ಲ ನಕ್ಕಿತು. ಸುಜಾತ ನಗದೆ ಚೀಲದಿಂದ ಇನ್ನೊಂದು ಟೋಪಿ ತೆಗೆದು, ಅದರ ಎಲಾಸ್ಟಿಕ್ಕನ್ನು ಅವರ ಎರಡು ಕಿವಿಗೂ ಸಿಕ್ಕಿಸಿಕೊಳ್ಳುವುದು ಹೇಗೆಂದು ತೋರಿಸಿಕೊಟ್ಟಳು. ಭಾಯ್ ಸಂಜೆಯವರೆಗೂ ಅದನ್ನು ತೆಗೆಯಲಿಲ್ಲ. ಟೀ ಕುಡಿಯುವಾಗ ಮಾತ್ರ ಒಂದು ಕಡೆಯಿಂದ ಪರದೆ ಸರಿಸಿದಂತೆ ಸರಿಸುತ್ತಿದ್ದರು.

ಆಮೇಲೆ ಅವಳು ಸರೋಜಕ್ಕನನ್ನೇ ಮುಂದೆ ಕರೆದಳು. ಬಲಗೈ ಬೆರಳುಗಳನ್ನು ಕುಂಕುಮದಲ್ಲಿ ಅದ್ದಿಸಿ, "ಈ ಕುಂಕುಮಾನೇ ಕೈಯ ಕೊಳೆ ಅಂದ್ಕೊಳ್ಳಿ. ಈಗ ನಿಮ್ಮ ಅಡಿಗೆಮನೇಲಿ ಹೆಂಗೆ ಕೆಲಸ ಮಾಡ್ತೀರೋ ಹಂಗೇ ಮಾಡಿ ಅಕ್ಕ," ಅಂದಳು. ಮೇಜಿನ ಮೇಲೆ ಸೌಟು, ಲೋಟ, ತಟ್ಟೆ, ಉಪ್ಪಿನ ಡಬ್ಬಿ ಇಟ್ಟಿದ್ದಳು. ಅಕ್ಕ ಸುಮ್ಮನೆ ತನ್ನ ಪಾಡಿಗೆ ಇದನ್ನು ಎತ್ತಿ ಅದನ್ನು ಇಟ್ಟು, ಸೆರಗಿಗೆ ಕೈ ಒರೆಸಿ, ಮೂಗು ಮುಟ್ಟಿಕೊಂಡು, ಫೋನು ಬಂದಿತೇನೋ ಎಂದು ನೋಡಿ, ಮತ್ತೆ ಸೌಟು ಹಿಡಿದರು. ಮುಗಿದಾಗ ಮೇಜೆಲ್ಲ ಮಾರಮ್ಮನ ಪೂಜೆ ಆದ ಹಾಗೆ ಕೆಂಪಾಗಿತ್ತು. ಅಕ್ಕ ತನ್ನ ಕೆಂಪು ಮೂಗಿನ ತುದಿಯನ್ನು ಯಾರದೋ ಫೋನಿನ ಕನ್ನಡಿಯಲ್ಲಿ ನೋಡಿಕೊಂಡು ಬಿದ್ದು ಬಿದ್ದು ನಕ್ಕರು. ಆದರೆ ಆಮೇಲಿನ ಪಾಠಕ್ಕೆಲ್ಲ ಅವರು ಕಿವಿ ಕೊಟ್ಟ ರೀತಿ ನೋಡಬೇಕಿತ್ತು. ಫ್ರಿಜ್ಜಿನಲ್ಲಿ ಹಸಿ ಮಾಂಸ ಕೆಳಗೆ, ಬೆಂದದ್ದು ಮೇಲೆ. ಬಿಸಿಯದು ಬಿಸಿಯಾಗೇ ಇರಬೇಕು. ಬೋಂಡವನ್ನು ಪೇಪರಿನಲ್ಲಿ ಸುತ್ತಬಾರದು. ಒಂದೊಂದಕ್ಕೂ ತುಟಿ ಅಲ್ಲಾಡಿಸುತ್ತ, ಒಳಗೊಳಗೇ ಒಪ್ಪಿಸಿಕೊಳ್ಳುತ್ತಿದ್ದರು. ನಾನು ಮನೆಗೆ ಬಂದ ರಾತ್ರಿಯೇ ನಮ್ಮ ಫ್ರಿಜ್ಜನ್ನು ಅಡಿಮೇಲು ಮಾಡಿದೆ. ನಮ್ಮ ಮನೆಯವರು ಇವತ್ತಿಗೂ ಉಪ್ಪಿನಕಾಯಿ ಹುಡುಕುತ್ತಿದ್ದಾರೆ.

ಮುದ್ದೆಯ ಮಾತೂ ಬಂತು. ನಮ್ಮ ಕಡೆಯ ತರಬೇತಿಯಲ್ಲಿ ಬಾರದೆ ಇರುತ್ತದೆಯೇ? ಗ್ಲೌಸ್ ಹಾಕಿಕೊಂಡು ಸುಡುವ ಮುದ್ದೆ ಕಟ್ಟಿದರೆ ಪ್ಲಾಸ್ಟಿಕ್ ಕರಗಿ ಮುದ್ದೆಗೇ ಅಂಟುತ್ತದಲ್ಲ ಅಂತ ಯಾರೋ ತಕರಾರು ತೆಗೆದರು. ಒದ್ದೆ ಬಟ್ಟಲಿನಲ್ಲಿ ಹಾಕಿ ಆಡಿಸಿದರೆ ತಾನೇ ಗುಂಡಗಾಗುತ್ತದೆ ಎಂದು ಸುಜಾತ ಮಾಡಿ ತೋರಿಸಿದಳು. ಅಲ್ಲಿಯವರೆಗೂ ಎಲ್ಲ ಸುಸೂತ್ರ. ಆಮೇಲೆ ಬಳೆಯ ಮಾತು ಬಂತು.

"ಅಡಿಗೆ ಮಾಡೋವಾಗ ಉಂಗುರ, ವಾಚು, ಬಳೆ ಯಾವುದೂ ಇರಬಾರದು. ಗಾಜಿನ ಬಳೆಯಂತೂ ಬೇಡವೇ ಬೇಡ."

ಹೆಂಗಸರ ಸಾಲು ಒಟ್ಟಿಗೆ ಗುಜುಗುಜು ಎಂದಿತು. ಸರೋಜಕ್ಕ ಗುಜುಗುಜು ಅನ್ನಲಿಲ್ಲ. ಎದ್ದೇ ನಿಂತರು. ಎರಡು ಕೈಯಲ್ಲೂ ಮೊಣಕೈಯ ಅರ್ಧ ದಾರಿಯವರೆಗೂ ಹಸಿರು ಗಾಜಿನ ಬಳೆ. ಭಾವನ ಆಪರೇಷನ್ ಆಗುವಾಗ ಹರಕೆ ಹೊತ್ತು ತೊಡಿಸಿಕೊಂಡವು. ಅಲ್ಲಿಂದೀಚೆಗೆ ಒಂದು ಒಡೆದರೆ ಆ ದಿನವೇ ಇನ್ನೊಂದು ಇಡಿಸಿಕೊಂಡು ಬರುತ್ತಾರೆ. ಬಳೆಗಾರನ ಅಂಗಡಿ ಮುಚ್ಚಿದ್ದರೆ ಮನೆಯ ಬಾಗಿಲೇ ಬಡಿಯುತ್ತಾರೆ.

"ಬೇರೆ ಏನು ಬೇಕಾದ್ರೂ ಬಿಡ್ತೀನಮ್ಮ. ಕೂದಲು ಬೋಳಿಸ್ಕೋ ಅಂದ್ರೂ ತಿರುಪತಿಗೆ ಕೊಟ್ಟೆ ಅಂದ್ಕೋತೀನಿ. ಬರಿಗೈ ಮಾತ್ರ ಆಗಲ್ಲ. ನಮ್ಮೆಜಮಾನ್ರು ಹುಷಾರಿಲ್ದೆ ಎದ್ದು ಬಂದೋರು."

"ಮೇಲಕ್ಕೆ ಸರಿಸ್ಕೊಂಡ್ರೆ?" ಅಂತ ಪಕ್ಕದಿಂದ ಯಾರೋ ಸಹಾಯಕ್ಕೆ ಬಂದರು.

"ಮುದ್ದೆ ತೊಳಸೋವಾಗ ಇಳಿದು ಬರಲ್ವಾ ಅಕ್ಕ?" ಅಂದಳು ಸುಜಾತ.

ಇಳಿದು ಬರುತ್ತವೆ. ನಾನೇ ಎಷ್ಟೋ ಸಲ ನೋಡಿದ್ದೇನೆ. ಸರೋಜಕ್ಕ ಮುದ್ದೆ ತೊಳಸುವುದನ್ನು ನೀವೂ ನೋಡಬೇಕು. ದೊಡ್ಡ ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ, ಅದರ ತುದಿಯನ್ನು ಪಾದದಲ್ಲಿ ಮೆಟ್ಟಿ, ಎರಡು ಕೈಯಲ್ಲೂ ಕೋಲು ಹಿಡಿದು ತಿರುವಲು ನಿಂತರೆ ಬಾವಿಯಿಂದ ನೀರು ಸೇದುವವರ ಹಾಗೆ ಭುಜ, ಬೆನ್ನು, ಸೊಂಟ ಎಲ್ಲವೂ ಅದರಲ್ಲಿ ಸೇರಿಕೊಳ್ಳುತ್ತವೆ. ಬಳೆಗಳು ಮೊಣಕೈಗೂ ಮಣಿಕಟ್ಟಿಗೂ ಓಡಾಡುತ್ತ ಪಾತ್ರೆಯ ಕಂಠಕ್ಕೆ ತಗಲಿ ಠಣ್ ಎನ್ನುತ್ತವೆ. ಆ ಸದ್ದು ಕೇಳಿದರೆ ಹೊರಗೆ ಕೂತವರು ಕೈ ತೊಳೆಯಲು ಏಳುತ್ತಾರೆ, ಮುದ್ದೆ ಬಂತು ಅಂತ.

ಸುಜಾತ ಬಂದು ಅಕ್ಕನ ಪಕ್ಕದ ಕುರ್ಚಿಯಲ್ಲೇ ಕೂತಳು. ತನ್ನ ಎರಡು ಬರಿಗೈ ಮುಂದೆ ಚಾಚಿದಳು.

"ನಮ್ಮನೇಲಿ ಬುದ್ಧ ವಂದನೆ ಮಾಡ್ತೀವಿ ಅಕ್ಕ. ಶಾಸ್ತ್ರ ಸಂಪ್ರದಾಯ ಅಂತ ಏನೂ ಇಲ್ಲ. ಆದ್ರೂ ನಾನು ಬಳೆ ತೆಗೆದಿಟ್ಟು ಕೆಲಸಕ್ಕೆ ಹೊರಟ ದಿನ ನಮ್ಮತ್ತೆ ಮಾತು ಬಿಟ್ಟಿದ್ರು. ನಿಮ್ಮ ಸಂಕಟ ನನಗೆ ಗೊತ್ತು. ಒಂದು ಕೇಳ್ತೀನಿ. ಅನ್ನದಲ್ಲಿ ಗಾಜಿನ ಚೂರು ಇದ್ರೆ ಏನಾಗುತ್ತೆ?"

"ಹಲ್ಲಿಗೆ ಸಿಗುತ್ತೆ. ಉಗೀತಾರೆ."

"ಮುದ್ದೇಲಿ ಇದ್ರೆ?"

ಮುದ್ದೆಯನ್ನು ಯಾರು ಅಗಿಯುತ್ತಾರೆ? ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುವುದೇ. ಅಗಿಯುವವನನ್ನು ಕಂಡರೆ ನಮ್ಮ ಕಡೆ ಮಕ್ಕಳೂ ನಗುತ್ತವೆ.

"ನಿಮ್ಮ ಮೆಸ್ಸಲ್ಲಿ ಮೊದಲ್ನೇ ಮುದ್ದೆ ಯಾರಿಗೆ ಹಾಕ್ತೀರಕ್ಕ?"

ಅಕ್ಕ ತನ್ನ ಬಳೆಗಳನ್ನು ನೋಡಿಕೊಂಡರು. ಆಮೇಲೆ, "ನಮ್ಮೆಜಮಾನ್ರಿಗೆ," ಅಂದು ಕೂತುಬಿಟ್ಟರು.

ಸುಜಾತ ಇನ್ನೊಂದು ಮಾತು ಆಡಬಹುದಿತ್ತು. ಆಡಲಿಲ್ಲ. ಎದ್ದು ಹೋಗಿ ಕುಡಿಯುವ ನೀರಿನ ಡ್ರಮ್ಮಿನ ವಿಷಯ ಎತ್ತಿಕೊಂಡಳು. ಅಷ್ಟು ಚಿಕ್ಕ ವಯಸ್ಸಿಗೆ, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಎಲ್ಲಿ ಕಲಿತಳೋ ಎಂದು ನಾನು ಇವತ್ತಿಗೂ ಆಶ್ಚರ್ಯಪಡುತ್ತೇನೆ.

ಸಂಜೆ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತರು. ಭಾವ ಹಿಂದಿನ ಸೀಟಿನಲ್ಲಿ, ಇಸಿಜಿಯ ಕಾಗದವನ್ನು ಸುರುಳಿ ಸುತ್ತಿ ಹಿಡಿದು ಕೂತಿದ್ದರು. ತರಗತಿಯಲ್ಲಿ ಏನು ನಡೆಯಿತು ಎಂದು ಕೇಳಿದ್ದಕ್ಕೆ ನಾನೇ ಹೇಳಿದೆ. "ಹೌದಾ," ಅಂದರು, ಅಷ್ಟೇ. ಬಸ್ಸು ನಾನು ಓದಿದ ಕಾನ್ವೆಂಟಿನ ಗೇಟಿನ ಮುಂದೆ ಹಾದುಹೋಯಿತು. ನನಗೆ ಒಂದು ಹಳೆಯ ಕಥೆ ನೆನಪಾಯಿತು, ಹೇಳಲು ಶುರು ಮಾಡಿದೆ.

ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಆದ ಮೇಲೆ ಸಿಸ್ಟರ್ ಆಗ್ನೆಸ್ ಸಾಲಿನಲ್ಲಿ ಬಂದು ಎಲ್ಲರ ಉಗುರು ನೋಡುತ್ತಿದ್ದರು. "ಹ್ಯಾಂಡ್ಸ್" ಅಂದರೆ ಸಾಕು, ಅಷ್ಟುದ್ದದ ಸಾಲೂ ಭಿಕ್ಷೆ ಬೇಡುವಂತೆ ಕೈ ಚಾಚುತ್ತಿತ್ತು. ಅವರ ಚಪ್ಪಲಿಯ ತಳ ಎಷ್ಟು ಮೆತ್ತಗಿತ್ತೆಂದರೆ, ಹಿಂದೆ ಬಂದು ನಿಂತದ್ದು ಕತ್ತಿಗೆ ಅವರ ಉಸಿರು ತಾಗಿದಾಗಲೇ ಗೊತ್ತಾಗುತ್ತಿದ್ದುದು. ಒಂದು ಗೌರಿ ಹಬ್ಬದ ಮಾರನೆಯ ದಿನ ನಾನು ಕೈತುಂಬ ಬಳೆಯಿಟ್ಟುಕೊಂಡೇ ಹೋದೆ. ನಮ್ಮಜ್ಜಿ ಎಷ್ಟು ಚಿಕ್ಕ ಬಳೆ ತೊಡಿಸಿದ್ದರೆಂದರೆ ಎಳೆದರೂ ಬರುತ್ತಿರಲಿಲ್ಲ. ಸಾಲಿನಲ್ಲಿ ನಿಂತು ಅಳುತ್ತಿದ್ದೆ. ಸಿಸ್ಟರ್ ಬೈಯಲಿಲ್ಲ. ನಲ್ಲಿಯ ಬಳಿ ಕರೆದುಕೊಂಡು ಹೋಗಿ, ಸೋಪು ಹಚ್ಚಿ, ಒಂದೊಂದನ್ನೇ ಒಂದೂ ಒಡೆಯದಂತೆ ಜಾರಿಸಿ ತೆಗೆದರು. ಒರೆಸಿ ತಮ್ಮ ನಿಲುವಂಗಿಯ ಆಳವಾದ ಜೇಬಿನೊಳಗೆ ಇಟ್ಟುಕೊಂಡರು. ಅವತ್ತು ಇಡೀ ದಿನ ಸಿಸ್ಟರ್ ಆಗ್ನೆಸ್ ಎಲ್ಲಿ ಹೋದರೂ ಘಲ್ ಘಲ್. ಕ್ಲಾಸಿನಲ್ಲಿ ಹರಟೆ ಹೊಡೆಯುತ್ತಿದ್ದವರೆಲ್ಲ ವರಾಂಡದ ಆ ತುದಿಯಲ್ಲಿ ಸದ್ದು ಕೇಳಿದ ಕೂಡಲೇ ಪುಸ್ತಕ ತೆರೆದು ಕೂತುಬಿಡುತ್ತಿದ್ದರು. ಏಟೇ ಬೀಳದ ಒಂದು ದಿನ ಅಂತ ನಮ್ಮ ತರಗತಿಯಲ್ಲಿ ಅದು ಬಹಳ ಕಾಲ ಹೆಸರಾಗಿತ್ತು. ಸಂಜೆ ಬೆಲ್ ಹೊಡೆದಾಗ ಕರೆದು ಬಳೆಗಳನ್ನು ಅವರೇ ತೊಡಿಸಿ ಕಳಿಸಿದರು.

ಅಕ್ಕ ಕಿಟಕಿಯಾಚೆ ದ್ರಾಕ್ಷಿ ತೋಟಗಳ ಕಡೆ ನೋಡುತ್ತಲೇ ಇದ್ದರು. ಕೇಳಿಸಿಕೊಂಡರೋ ಇಲ್ಲವೋ. ಹಿಂದಿನ ಸೀಟಿನಿಂದ ಭಾವನ ದನಿ ಬಂತು.

"ಜೇಬಲ್ಲಿ ಒಂದೂ ಒಡೀಲಿಲ್ವೇನಮ್ಮ ಶೀಲಾ?"

"ಇಲ್ಲ ಭಾವ."

"ಹುಂ," ಅಂದರು. ಇಸಿಜಿ ಸುರುಳಿಯನ್ನು ಮತ್ತೆ ಬಿಗಿಯಾಗಿ ಸುತ್ತಿಕೊಂಡರು.

ಪರೀಕ್ಷೆಯಲ್ಲಿ ಅಕ್ಕ ಪಾಸಾದರು. ಸರ್ಟಿಫಿಕೇಟ್ ಫೋನಿಗೆ ಬಂತು. ಭಾವ ಅದನ್ನು ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಗಲ್ಲಾದ ಹಿಂದಿನ ಗೋಡೆಗೆ ನೇತುಹಾಕಿದರು. ಲಕ್ಷ್ಮಿಯ ಪಟಕ್ಕಿಂತ ಸ್ವಲ್ಪ ಕೆಳಗೆ, ಕ್ಯಾಲೆಂಡರಿಗಿಂತ ಮೇಲೆ. ಟೋಪಿ ಬಂತು, ಏಪ್ರನ್ ಬಂತು, ಕಾಲಲ್ಲಿ ಒತ್ತಿ ತೆರೆಯುವ ಕಸದ ಡಬ್ಬಿ ಬಂತು. ಬಳೆ ಮಾತ್ರ ಕೈಯಲ್ಲೇ ಇತ್ತು. ಕೇಳುವ ಧೈರ್ಯ ನನಗಿರಲಿಲ್ಲ. ಬ್ಯಾಗಿನಲ್ಲಿ ಟೋಪಿ ಸಿಕ್ಕಿತಲ್ಲ, ಅದರ ಹಿಂದಿನ ದಿನ ಅಕ್ಕ ಫೋನು ಮಾಡಿ, "ನಾಳೆ ವಾರ್ಡನ್ ಮೇಡಂ ಬರ್ತಾರೆ. ಬಂದು ಸುಮ್ನೆ ನಿಂತ್ಕೊಳಮ್ಮ, ನೀನಿದ್ರೆ ಧೈರ್ಯ," ಅಂದರು. ಅದಕ್ಕೇ ಅವತ್ತು ನನಗೆ ಹೊರಡುವ ಆತುರ.

ಟೋಪಿಯನ್ನು ಬ್ಯಾಗಿಗೆ ತುರುಕಿಕೊಂಡು ಆಟೊ ಹತ್ತಿದೆ. ಮಾರುಕಟ್ಟೆಯ ತಿರುವಿನಲ್ಲಿ ಗೂಡು ಬೇಯಿಸುವ ವಾಸನೆ ಮೂಗಿಗೆ ಬಡಿಯಿತು. ಮೆಸ್ಸಿನ ಮುಂದೆ ಇಳಿದಾಗ ಒಳಗಿನಿಂದ ಕೋಲಿನ ಸದ್ದು ಕೇಳುತ್ತಿತ್ತು, ಹಿಟ್ಟು ಬುಸುಗುಟ್ಟುವುದು ಕೇಳುತ್ತಿತ್ತು. ಆದರೆ ಏನೋ ಇಲ್ಲ ಅನಿಸಿತು. ಏನೆಂದು ಹೊಳೆದದ್ದು ಅಡಿಗೆಮನೆಯ ಹೊಸಿಲಿಗೆ ಬಂದ ಮೇಲೆ. ಠಣ್ ಎನ್ನುವ ಸದ್ದೇ ಇರಲಿಲ್ಲ.

ಸರೋಜಕ್ಕ ಟೋಪಿ ತೊಟ್ಟು ಬೆನ್ನು ಬಾಗಿಸಿ ಮುದ್ದೆ ತೊಳಸುತ್ತಿದ್ದರು. ಎರಡು ಕೈಯೂ ಬರಿದು. ಬಳೆಯಿದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ಎಳೆಮಗುವಿನದರ ಹಾಗಿತ್ತು. ವಾರ್ಡನ್ ಮೇಡಂ ಬಾಗಿಲ ಬಳಿ ಕೈಕಟ್ಟಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ನಾನು ಲಕ್ಷ್ಮಿಯ ಪಟದ ಮೊಳೆ ನೋಡಿದೆ, ಕಿಟಕಿಯ ಗೂಡು ನೋಡಿದೆ. ಬಳೆ ಎಲ್ಲೂ ಕಾಣಲಿಲ್ಲ. ಒಡೆದೇಬಿಟ್ಟರೇನೋ ಎಂದುಕೊಂಡೆ.

ಅಷ್ಟರಲ್ಲಿ ಭಾವ ಗಲ್ಲಾದಿಂದ ಎದ್ದರು. ಘಲ್ ಎಂದಿತು. ನನ್ನನ್ನು ನೋಡಿ ಶಾಲೆಯ ಹುಡುಗನ ಹಾಗೆ ನಕ್ಕರು. ಬಿಳಿ ಶರ್ಟಿನ ಎದೆಯ ಜೇಬು ಪೂರಿಯ ಹಾಗೆ ಉಬ್ಬಿತ್ತು. ಬಟ್ಟೆಯೊಳಗಿಂದ ಹಸಿರು ಕಾಣುತ್ತಿತ್ತು.

ಮೊದಲನೇ ಮುದ್ದೆಯನ್ನು ಅಕ್ಕ ಒದ್ದೆ ಬಟ್ಟಲಲ್ಲಿ ಆಡಿಸಿ ಭಾವನ ತಟ್ಟೆಗೆ ಹಾಕಿದರು. ಭಾವ ಎಡಗೈಯಿಂದ ಜೇಬನ್ನು ಎದೆಗೆ ಒತ್ತಿ ಹಿಡಿದು, ತಟ್ಟೆಯ ಮೇಲೆ ಬಾಗಿ, ಮುರಿದು ಸಾರಿಗೆ ಅದ್ದಿ ನುಂಗಿದರು. ಅಕ್ಕ ಅವರ ಗಂಟಲನ್ನೇ ನೋಡುತ್ತ ನಿಂತಿದ್ದರು. ತುತ್ತು ಇಳಿದದ್ದು ಕಂಡ ಮೇಲೆ ತಿರುಗಿ ಕೈ ತೊಳೆಯಲು ಹೋದರು. ಅಂಗೈ, ಮುಂಗೈ, ಬೆರಳ ಸಂದಿ.

ವಾರ್ಡನ್ ಮೇಡಂ ಊಟ ಮಾಡಿ, ಇನ್ನೊಂದು ಸೌಟು ಸೊಪ್ಪಿನ ಸಾರು ಹಾಕಿಸಿಕೊಂಡರು. "ಸೋಮವಾರದಿಂದ ಕಳಿಸಿ. ಹುಡುಗೀರಿಗೆ ಮುದ್ದೆ ಸ್ವಲ್ಪ ಚಿಕ್ಕದಿರಲಿ," ಅಂದು ಹೊರಟರು. ಆಮೇಲೆ ಪಾತ್ರೆಗಳ ನಡುವೆ ಕೂತು ಅಕ್ಕ ನನಗೆ ಹೇಳಿದ್ದು ಇಷ್ಟೇ:

"ಬೆಳಿಗ್ಗೆ ಬೀಗ ತೆಗೆದ ತಕ್ಷಣ ಕೈ ಹಿಡ್ಕೊಂಡು ನಲ್ಲಿ ಹತ್ರ ಕರ್ಕೊಂಡು ಹೋದ್ರು ಕಣೇ. ಸೋಪು ಅವರೇ ಹಚ್ಚಿದ್ರು. ಮದುವೆಯಾದಾಗಿಂದ ನನ್ನ ಕೈನ ಇಷ್ಟು ಹೊತ್ತು ಹಿಡ್ಕೊಂಡಿದ್ದು ಇದೇ ಮೊದ್ಲು. ನಾಚ್ಕೆ ಆಗಿಹೋಯ್ತು."

ಹೇಳಿ, ಬರಿಯ ಮಣಿಕಟ್ಟಿನಿಂದ ಮುಖ ಮರೆಮಾಡಿಕೊಂಡು ನಕ್ಕರು. "ಈಗ ನೋಡು, ಮಾರ್ಕೆಟ್ಟಿಂದ ಸೊಪ್ಪು ತರ್ತೀನಿ ಅಂತ ಅದನ್ನ ಜೇಬಲ್ಲೇ ಇಟ್ಕೊಂಡು ಹೊರಟೋಗಿದಾರೆ. ನಾನಿಲ್ಲಿ ಬರಿಗೈಲಿ ಪಾತ್ರೆ ಉಜ್ತಾ ಕೂತಿದೀನಿ. ಆಯ್ತು ಬಿಡು, ಎಲ್ಲಿ ಹೋಗ್ತಾರೆ, ಬರ್ತಾರೆ."

ಸಂಜೆ ಮನೆಗೆ ಬಂದು ಸಾರಿಗೆ ಕರಿಬೇವು ಬಿಡಿಸಲು ಹಿತ್ತಿಲಿಗೆ ಹೋದೆ. ವೆಂಕಟಲಕ್ಷ್ಮಮ್ಮ ಕಾಂಪೌಂಡ್ ಗೋಡೆಯ ಆಚೆ ಒಣಗಿದ ಬಟ್ಟೆ ಮಡಚುತ್ತಿದ್ದರು. "ನನಗೂ ಎರಡು ಎಸಳು ಕೊಡಮ್ಮ," ಅಂತ ಕೈ ಚಾಚಿದರು. ಕೊಟ್ಟೆ. ಮೂಸಿ ನೋಡಿ ಸೆರಗಿಗೆ ಕಟ್ಟಿಕೊಂಡು, ಒಳಗೆ ಹೋಗುತ್ತ ಏನೋ ನೆನಪಾದವರಂತೆ ತಿರುಗಿ ನಿಂತರು.

"ಅದೇನಮ್ಮ, ಮಧ್ಯಾಹ್ನ ಮಾರ್ಕೆಟ್ಟಲ್ಲಿ ನಿಮ್ಮ ಭಾವಗಾರು ಸಿಕ್ಕಿದ್ರು. ಎದೆ ಮೇಲೆ ಕೈ ಇಟ್ಕೊಂಡು ಮೆಲ್ಲಗೆ ನಡೀತಿದ್ರು, ಒಂದೊಂದು ಹೆಜ್ಜೆಗೂ ಘಲ್ ಘಲ್ ಅಂತಿತ್ತು. ಗುಂಡಿಗೆ ಆಪರೇಷನ್ ಮಾಡಿಸ್ಕೊಂಡ್ರೆ ಒಳಗೆ ಹಂಗೆ ಸದ್ದು ಬರುತ್ತೇನಮ್ಮ?"